ಹಿತ್ತಲ ಹೇಂಟೆಯ ಮರ್ಜಿ

ದಾವಣಗೆರೆಯಲ್ಲಿ, ಮನೆಯ ಹಿತ್ತಲಲ್ಲಿ ಮೊಟ್ಟೆಗಾಗಿ ಕೋಳಿ ಸಾಕುತ್ತಿರುವ ಮತ್ತು ಸಾಕಬೇಕೆಂದಿರುವ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.

ಮನೆಯಲ್ಲಿ ಕೋಳಿ ಸಾಕಿದವರು ನಾಲ್ಕು ಜನ ಒಂದೆಡೆ ಸೇರಿದರೆ ಮೊದಲು ಹೊರಗೆ ಬರುವುದು ಮೊಟ್ಟೆಯ ಲೆಕ್ಕವಲ್ಲ, ಕೋಳಿ ಮಾಡಿದ ಅವಾಂತರದ ಕಥೆ. ಈಗಷ್ಟೇ ಸಭಾಂಗಣದ ಬಾಗಿಲಲ್ಲಿ ನಿಂತಿದ್ದಾಗ ನಿಮ್ಮಲ್ಲೊಬ್ಬರು ಹೆಲ್ಮೆಟ್ಟಿನೊಳಗೆ ಮೊಟ್ಟೆ ಇಟ್ಟ ಹೇಂಟೆಯ ಕಥೆ ಹೇಳುತ್ತಿದ್ದರು. ಇನ್ನೊಬ್ಬರು ಪಕ್ಕದ ಮನೆಯ ದೇವರಕೋಣೆಗೆ ನುಗ್ಗಿ ನೈವೇದ್ಯದ ಅಕ್ಕಿ ಕೆದರಿದ ಹುಂಜದ ಕಥೆ ಹೇಳುತ್ತಿದ್ದರು. ಕೇಳಿ ನಾನೂ ಮನಸಾರೆ ನಕ್ಕೆ. ಈ ಹೊತ್ತು ನಾನು ಆಡಬೇಕೆಂದಿರುವುದು ಆ ನಗೆಯ ಬೆನ್ನು ಹಿಡಿದು ಹೋಗುವ ಮಾತು. ಕೋಳಿ ನಮಗೆ ತಮಾಷೆಯಾಗಿ ಕಾಣುವಂತೆ ನಡೆದುಕೊಂಡಾಗಲೆಲ್ಲ ಅದರ ಮೈಯೊಳಗೋ, ಅದರ ಪೂರ್ವಿಕರ ಕಾಡಿನ ಬದುಕಿನೊಳಗೋ ಒಂದು ಗಟ್ಟಿಯಾದ ಕಾರಣ ಇದ್ದೇ ಇರುತ್ತದೆ. ಆ ಕಾರಣ ತಿಳಿದವರ ಮನೆಯಲ್ಲಿ ಮೊಟ್ಟೆಯೂ ಉಳಿಯುತ್ತದೆ, ನೆರೆಯವರ ಸ್ನೇಹವೂ ಉಳಿಯುತ್ತದೆ, ಕೋಳಿಯೂ ಹಿಂಸೆಯಿಲ್ಲದೆ ಬದುಕುತ್ತದೆ.

ಮೊದಲು ಮೊಟ್ಟೆ ಕಾಣೆಯಾಗುವ ವಿಷಯವನ್ನು ತೆಗೆದುಕೊಳ್ಳೋಣ. ನಮ್ಮ ಬೀದಿಯ ಒಂದು ಮನೆಯಲ್ಲಿ ಬೆಳಿಗ್ಗೆ ಎದ್ದು ಗೂಡಿಗೆ ಕೈಹಾಕಿ ಮೊಟ್ಟೆ ತರುವುದು ಅಜ್ಜಿಯ ಕೆಲಸ. ಒಂದು ದಿನ ಬೆಳಿಗ್ಗೆ ಮೊಟ್ಟೆ ಸಿಗಲಿಲ್ಲ, ಮಧ್ಯಾಹ್ನ ಸೊಸೆಯ ಕೈಗೆ ಸಿಕ್ಕಿತು. ಮತ್ತೊಂದು ದಿನ ಸಂಜೆಯವರೆಗೆ ಕಾದರೂ ಇಲ್ಲ. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಬಾಣಲೆಯ ಸದ್ದು ಕೇಳಿತ್ತೆಂಬ ಒಂದೇ ಆಧಾರದ ಮೇಲೆ ಅನುಮಾನ ಮೊಮ್ಮಗನ ತಲೆಗೆ ಬಂತು. ಆ ಹುಡುಗ ಅಳುತ್ತಾ, “ಬೇಕಾದ್ರೆ ನನ್ನ ಬಾಯಿ ವಾಸನೆ ನೋಡಜ್ಜಿ” ಎಂದು ಬಾಯಿ ತೆರೆದು ನಿಂತನಂತೆ. ಮನೆಯವರೆಲ್ಲ ನಕ್ಕರು, ಆದರೆ ಮೊಟ್ಟೆಯ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಉತ್ತರ ಕೋಳಿಯ ಹೊಟ್ಟೆಯೊಳಗಿನ ಗಡಿಯಾರದಲ್ಲಿದೆ. ಅಂಡಾಶಯದಿಂದ ಬಿಡುಗಡೆಯಾದ ಭಂಡಾರ, ಅಂದರೆ ಹಳದಿ ಭಾಗ, ಅಂಡನಾಳದಲ್ಲಿ ಇಳಿಯುತ್ತಾ ಮೊದಲು ಸುಮಾರು 3 ಗಂಟೆಗಳ ಕಾಲ ಬಿಳಿಯ ಲೋಳೆಯನ್ನು ಸುತ್ತಿಕೊಳ್ಳುತ್ತದೆ. ಆಮೇಲೆ ಒಂದೂಕಾಲು ಗಂಟೆಯಷ್ಟು ಹೊತ್ತಿನಲ್ಲಿ ಚಿಪ್ಪಿನ ಒಳಗಿನ ತೆಳುಪೊರೆಗಳು ಕೂಡುತ್ತವೆ. ಕೊನೆಗೆ ಚಿಪ್ಪು ಕಟ್ಟುವ ಕೋಶದಲ್ಲಿ ಸುಮಾರು 20 ಗಂಟೆ ಕಳೆದು ಹೊರಬರುತ್ತದೆ. ಎಲ್ಲ ಸೇರಿ 25ರಿಂದ 26 ಗಂಟೆ. ನಮ್ಮ ದಿನಕ್ಕೆ ಇರುವುದು 24 ಗಂಟೆ ಮಾತ್ರವಾದ್ದರಿಂದ ಇಂದು ಏಳು ಗಂಟೆಗೆ ಮೊಟ್ಟೆ ಇಟ್ಟ ಹೇಂಟೆ ನಾಳೆ ಎಂಟರ ಮೇಲೆ, ನಾಡಿದ್ದು ಇನ್ನೂ ತಡವಾಗಿ ಇಡುತ್ತದೆ. ಹೀಗೆ ಜಾರುತ್ತಾ ಜಾರುತ್ತಾ ಮೊಟ್ಟೆಯ ಹೊತ್ತು ಮಧ್ಯಾಹ್ನ ದಾಟಿದಾಗ ಹೊಸ ಭಂಡಾರದ ಬಿಡುಗಡೆ ಅಲ್ಲಿಗೆ ನಿಂತು ಮರುದಿನಕ್ಕೆ ಮುಂದೂಡಲ್ಪಡುತ್ತದೆ. ಆ ದಿನ ಗೂಡು ಖಾಲಿ. ಮರುದಿನದಿಂದ ಮತ್ತೆ ಬೆಳಗಿನ ಸರದಿ ಶುರು. ಆ ಮನೆಯ ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ಮೊಮ್ಮಗನನ್ನು ಕರೆದು ಕೈಗೆ ಎರಡು ಮೊಟ್ಟೆ ಕೊಟ್ಟರು. ಮಾತಿಗಿಂತ ಚೆನ್ನಾದ ಕ್ಷಮಾಪಣೆ ಅದು ಎಂದು ನನಗೆ ಅನ್ನಿಸಿತು.

ಇದೇ ಸಂದರ್ಭದಲ್ಲಿ ಎಲ್ಲ ಸಭೆಗಳಲ್ಲೂ ಕೇಳಿಬರುವ ಒಂದು ಪ್ರಶ್ನೆಯನ್ನು ಮುಗಿಸಿಬಿಡುತ್ತೇನೆ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಬೇಕಾದರೆ ಮಾತ್ರ ಹುಂಜ ಬೇಕು.

ಮೊಟ್ಟೆ ಇಟ್ಟ ಮೇಲಿನ ಕೂಗಾಟವನ್ನು ನೀವೆಲ್ಲ ಕೇಳಿದ್ದೀರಿ. ಗೂಡಿನಿಂದ ಇಳಿದ ಹೇಂಟೆ ಕೊಕ್ಕೊಕ್ಕೊ ಎಂದು ಊರಿಗೆಲ್ಲ ಸಾರುತ್ತದೆ. ಮೊಟ್ಟೆಗೂ ತಮಗೂ ಸಂಬಂಧವೇ ಇಲ್ಲದ ಉಳಿದ ಹೇಂಟೆಗಳೂ ದನಿಗೂಡಿಸುತ್ತವೆ. ಕಾಡಿನಲ್ಲಿ ಗುಂಪಿನಿಂದ ದೂರ ಹೋಗಿ ಗುಟ್ಟಾಗಿ ಮೊಟ್ಟೆ ಇಟ್ಟ ಹೇಂಟೆ ಮತ್ತೆ ಗುಂಪನ್ನು ಸೇರಲು ಹುಂಜವನ್ನು ಕರೆಯುವ ಬಗೆ ಇದು ಎಂದು ಪಕ್ಷಿಗಳ ವರ್ತನೆಯನ್ನು ಅಭ್ಯಾಸ ಮಾಡಿದವರು ಊಹಿಸುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯ ಕಿಟಕಿಗೆ ತಾಗಿಕೊಂಡಂತೆ ಮೊಟ್ಟೆಯ ಗೂಡನ್ನು ಇಡಬೇಡಿ ಎನ್ನುವುದಷ್ಟೇ ಇದರಿಂದ ನಾವು ಕಲಿಯಬಹುದಾದದ್ದು.

ಆದರೆ ಮೊಟ್ಟೆಯನ್ನು ಎಲ್ಲಿ ಇಡುತ್ತದೆ ಎನ್ನುವುದು ದೊಡ್ಡ ವಿಷಯ. ನೀವು ಪ್ರೀತಿಯಿಂದ ನಾಲ್ಕು ಗೂಡುಗಳನ್ನು ಮಾಡಿ, ಭತ್ತದ ಹುಲ್ಲು ಹಾಸಿ, ಒಂದೊಂದಕ್ಕೂ ಬಣ್ಣ ಹಚ್ಚಿರುತ್ತೀರಿ. ನಾಲ್ಕೂ ಹೇಂಟೆಗಳು ಒಂದೇ ಗೂಡಿನ ಮುಂದೆ ಸರದಿ ನಿಂತು, ಒಳಗಿರುವುದನ್ನು ಕುಕ್ಕಿ ಕುಕ್ಕಿ ಎಬ್ಬಿಸಿ, ಕೊನೆಗೆ ಒಂದರ ಮೇಲೊಂದು ಹತ್ತಿ ಕೂತು ಮೊಟ್ಟೆ ಇಡುತ್ತವೆ. ಉಳಿದ ಮೂರು ಗೂಡುಗಳಲ್ಲಿ ಜೇಡ ಬಲೆ ಕಟ್ಟುತ್ತದೆ. ಅಥವಾ ನಾಲ್ಕನ್ನೂ ಬಿಟ್ಟು ಮಡಚಲು ಇಟ್ಟ ಬಟ್ಟೆಯ ಬುಟ್ಟಿ, ಜಗುಲಿಯ ಮೇಲೆ ಮಗುಚಿಟ್ಟ ಹೆಲ್ಮೆಟ್ಟು, ನೀರಿನ ಮೋಟರಿನ ಹಿಂದಿನ ಸಂದು ಇವುಗಳನ್ನು ಆರಿಸಿಕೊಳ್ಳುತ್ತವೆ. ಹೇಂಟೆಗೆ ಬೇಕಾದದ್ದು ಮಂದ ಬೆಳಕು, ಮೂರು ಕಡೆ ಆಸರೆ, ಮೈ ಹುದುಗಿಸಿಕೊಳ್ಳುವಷ್ಟೇ ಜಾಗ, ಮತ್ತು ಇಲ್ಲಿ ಇನ್ನೊಂದು ಹೇಂಟೆ ಈಗಾಗಲೇ ನಂಬಿಕೆಯಿಂದ ಮೊಟ್ಟೆ ಇಟ್ಟಿದೆ ಎಂಬ ಸಾಕ್ಷಿ. ಹೆಲ್ಮೆಟ್ಟಿನಲ್ಲಿ ಮೊದಲ ಮೂರೂ ಇವೆ. ನಿಮ್ಮ ಗೂಡನ್ನು ಗಾಳಿಯಾಡುವ ಆದರೆ ಮಬ್ಬುಗತ್ತಲಿನ ಮೂಲೆಗೆ ಸರಿಸಿ, ಬಾಯಿಗೆ ಅರ್ಧ ಇಳಿಬೀಳುವಂತೆ ಗೋಣಿತಟ್ಟು ಕಟ್ಟಿ, ಒಳಗೆ ಒಂದು ಪ್ಲಾಸ್ಟಿಕ್ಕಿನ ಹುಸಿಮೊಟ್ಟೆಯನ್ನೋ ನುಣುಪಾದ ಬಿಳಿಯ ಕಲ್ಲನ್ನೋ ಇಡಿ. ನಾಲ್ಕೈದು ಹೇಂಟೆಗಳಿಗೆ ಒಂದು ಗೂಡು ಧಾರಾಳವಾಗಿ ಸಾಕು.

ಇನ್ನು ಕಾವಿನ ವಿಷಯಕ್ಕೆ ಬರುತ್ತೇನೆ. ಕೋಳಿ ಸಾಕಣೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಚಿತ್ರದುರ್ಗ ಜಿಲ್ಲೆ ಈರುಳ್ಳಿ ಬೆಳೆಯುವ ಸೀಮೆ. ಹೊಳಲ್ಕೆರೆ ಕಡೆಯ ನಮ್ಮ ಅತ್ತೆಯವರ ಮನೆಯಲ್ಲಿ ಕೊಯ್ಲಾದ ಮೇಲೆ ಈರುಳ್ಳಿಯನ್ನು ಪಡಸಾಲೆಯ ಒಂದು ಮೂಲೆಯಲ್ಲಿ ಹರವಿರುತ್ತಾರೆ. ಆ ಮನೆಯ ಒಂದು ನಾಟಿ ಹೇಂಟೆ ಒಂದು ಬೆಳಿಗ್ಗೆ ಆ ರಾಶಿಯ ಅಂಚಿನಲ್ಲಿ, ದುಂಡಗಿನ ನಾಲ್ಕಾರು ಗೆಡ್ಡೆಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು ಕಾವಿಗೆ ಕೂತುಬಿಟ್ಟಿತು. ಹತ್ತಿರ ಹೋದರೆ ಗರಿ ಉಬ್ಬಿಸಿ ಬುಸುಗುಟ್ಟುತ್ತಿತ್ತು. ಅಡುಗೆಗೆ ಈರುಳ್ಳಿ ತೆಗೆಯಲು ಕೈ ನೀಡಿದವರಿಗೆಲ್ಲ ಕುಕ್ಕು. ಸಂತೆಯಿಂದ ಬಂದ ಮಾವನವರು ನೋಡಿ, “ಇರಲಿ ಬಿಡವ್ವ, ಈ ಸಲ ಈರುಳ್ಳಿ ರೇಟು ಬಿದ್ದೈತೆ, ಮರಿಯಾದ್ರೂ ಆಗಲಿ” ಎಂದರು. ಮನೆಯಲ್ಲಿ ಈರುಳ್ಳಿ ಇದ್ದೂ ಆ ದಿನ ಸಾರಿಗೆ ಈರುಳ್ಳಿ ಬೀಳಲಿಲ್ಲ.

ಈ ಹಠದ ಮೂಲ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಹಸುವಿನಲ್ಲಿ, ಮನುಷ್ಯರಲ್ಲಿ ಹಾಲು ಉತ್ಪತ್ತಿಗೆ ಕಾರಣವಾಗುವ ಅದೇ ಹಾರ್ಮೋನು ಕೋಳಿಯಲ್ಲಿ ಕಾವು ಕೂರುವ ತವಕವನ್ನು ಹುಟ್ಟಿಸುತ್ತದೆ. ಅದು ಏರಿದಾಗ ಮೊಟ್ಟೆ ನಿಲ್ಲುತ್ತದೆ; ಎದೆಯ ಕೆಳಗಿನ ಗರಿ ಉದುರಿ ಬಿಸಿಯಾದ ಬರಿಯ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ; ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು ಅವಸರದಲ್ಲಿ ನಾಲ್ಕು ಕಾಳು ತಿಂದು, ನೀರು ಕುಡಿದು, ಮರಳಿ ಓಡುತ್ತದೆ. ಮೊಟ್ಟೆಯೊಳಗೆ ಮರಿ ಬೆಳೆಯಲು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಬಿಸಿ 21 ದಿನ ಬೇಕು. ಅಷ್ಟೂ ದಿನ ಆ ತಾಯಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಾ ಬಿಸಿಯನ್ನು ಕಾಯ್ದುಕೊಳ್ಳುತ್ತದೆ. ಯಂತ್ರದಲ್ಲಿ ಥರ್ಮಾಮೀಟರು, ತೇವಾಂಶದ ಅಳತೆ, ಹೊರಳಿಸುವ ಮೋಟರು ಎಲ್ಲವನ್ನೂ ಜೋಡಿಸಿ ನಾವು ಮಾಡುವ ಕೆಲಸವನ್ನು ಒಂದು ಮುಷ್ಟಿ ಕಾಳು ತಿಂದು ಅದು ಮಾಡುತ್ತದೆ. ಈರುಳ್ಳಿಯ ಮೇಲೆ ಕೂತ ಹೇಂಟೆಯನ್ನು ಕಂಡು ನಾವು ನಗುತ್ತೇವೆ, ನಗಬೇಕಾದದ್ದೇ. ಆದರೆ ಆ ನಿಷ್ಠೆಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ ಎನ್ನುವುದನ್ನು ಮರೆಯಬಾರದು.

ಕಾವು ಬಿಡಿಸಲು ನಮ್ಮ ಹಳ್ಳಿಗಳಲ್ಲಿ ತಣ್ಣೀರಿನಲ್ಲಿ ಮುಳುಗಿಸುವುದು, ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು, ಕಾಲಿಗೆ ಹಗ್ಗ ಕಟ್ಟಿ ಬಿಸಿಲಲ್ಲಿ ಬಿಡುವುದು ಮುಂತಾದ ಉಪಾಯಗಳಿದ್ದವು. ದಯವಿಟ್ಟು ಇವುಗಳನ್ನು ಬಿಟ್ಟುಬಿಡಿ. ತಳದಿಂದ ಗಾಳಿ ಆಡುವಂಥ ತಂತಿಜಾಲದ ಪಂಜರದಲ್ಲಿ, ಹುಲ್ಲು ಹಾಸದೆ, ನೆರಳು, ಮೇವು, ನೀರು ಎಲ್ಲವನ್ನೂ ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆಯ ಅಡಿ ತಣ್ಣಗಾಗಿ ಕಾವು ತಾನಾಗಿ ಇಳಿಯುತ್ತದೆ. ಅದಕ್ಕಿಂತ ಒಳ್ಳೆಯದೆಂದರೆ ಹುಂಜವಿರುವ ಮನೆಯಿಂದ ಹತ್ತು ಹನ್ನೆರಡು ಫಲಿತ ಮೊಟ್ಟೆ ತಂದು ಕೂರಿಸುವುದು. ಒಂದು ವಾರದ ಮೇಲೆ ಕತ್ತಲ ಕೋಣೆಯಲ್ಲಿ ಮೊಬೈಲಿನ ಬೆಳಕಿಗೆ ಮೊಟ್ಟೆ ಹಿಡಿದರೆ ಫಲಿತವಾದದ್ದರಲ್ಲಿ ಕೆಂಪು ರಕ್ತನಾಳಗಳ ಜಾಲ ಕಾಣುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ನೋಡಿ.

ಕೋಳಿಯ ಕೆಳಗೆ ಬಾತುಕೋಳಿಯ ಮೊಟ್ಟೆ ಇಟ್ಟು ಮರಿ ಮಾಡಿಸುವವರೂ ನಮ್ಮಲ್ಲಿದ್ದಾರೆ. ಆ ಮೊಟ್ಟೆಗೆ 28 ದಿನ ಬೇಕು. ಹೇಂಟೆ ಒಂದು ವಾರ ಹೆಚ್ಚಾಯಿತೆಂದು ತಕರಾರು ಮಾಡದೆ ಕೂರುತ್ತದೆ. ಅಸಲಿ ಪರೀಕ್ಷೆ ಬರುವುದು ಆಮೇಲೆ. ಭದ್ರಾ ನಾಲೆಯ ಬದಿಯ ಒಂದು ತೋಟದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ತಾಯಿಯ ಹಿಂದೆ ಸಾಲಾಗಿ ಹೊರಟ ಬಾತುಮರಿಗಳು ನೀರು ಕಂಡ ಕೂಡಲೇ ಸಾಲು ಮುರಿದು ಗದ್ದೆಯ ಕಾಲುವೆಗೆ ಧುಮುಕಿದವು. ಹೇಂಟೆ ದಡದ ಮೇಲೆ ಆಚೆ ಈಚೆ ಓಡುತ್ತಾ, ರೆಕ್ಕೆ ಬಡಿಯುತ್ತಾ, ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿತು. ಮರಿಗಳು ಹಾಯಾಗಿ ಈಜಿ, ಹಸಿವಾದಾಗ ಮೇಲೆ ಬಂದು ಅದರ ರೆಕ್ಕೆಯಡಿ ನುಗ್ಗಿ, ಅದರ ಮೈಯನ್ನೆಲ್ಲ ಒದ್ದೆ ಮಾಡಿದವು. ಕೆಲವು ದಿನಗಳಲ್ಲಿ ಆ ಹೇಂಟೆ ಮರಿಗಳನ್ನು ತಾನೇ ಕಾಲುವೆಯವರೆಗೆ ಕರೆದುಕೊಂಡು ಹೋಗಿ, ದಡದಲ್ಲಿ ಹುಳ ಕೆದರುತ್ತಾ ಕಾಯುತ್ತಿತ್ತು ಎಂದು ತೋಟದವರು ಹೇಳಿದರು.

ಹಾಗಾದರೆ ಎಲ್ಲ ಕೋಳಿಯೂ ಕಾವಿಗೆ ಕೂರುತ್ತದೆಯೇ? ಇಲ್ಲ. ನಮ್ಮ ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆಗಳನ್ನು. ನಾಟಿ ಹೇಂಟೆ ಸುಮಾರು 50ರಿಂದ 70 ಇಡುತ್ತದೆ, ಏಕೆಂದರೆ ಒಂದು ಸರದಿ ಮುಗಿಯುತ್ತಲೇ ಅದಕ್ಕೆ ಕಾವು ಬರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಸುಮಾರು 130ರಿಂದ 150, ಅಲ್ಲಿಯದೇ ಆದ ಸ್ವರ್ಣಧಾರಾ 180ರ ಆಸುಪಾಸು, ಹೈದರಾಬಾದಿನ ಸಂಶೋಧನಾ ಸಂಸ್ಥೆಯ ಗ್ರಾಮಪ್ರಿಯ 200ಕ್ಕಿಂತ ಹೆಚ್ಚು, ಫಾರಂಗಳ ಬಿಳಿಯ ಲೆಗ್‌ಹಾರ್ನ್ ಮಿಶ್ರತಳಿಗಳು 300ಕ್ಕೂ ಮೇಲೆ. ತಳಿ ಆಯ್ಕೆಯಲ್ಲಿ ಕಾವಿನ ಗುಣವನ್ನು ತಲೆಮಾರುಗಳಿಂದ ದೂರವಿಟ್ಟು ಬಂದದ್ದರಿಂದ ಈ ಅಂತರ ಉಂಟಾಗಿದೆ. ಮೊಟ್ಟೆಯೇ ಮುಖ್ಯವಾದವರು ಸುಧಾರಿತ ತಳಿಯನ್ನೂ, ಮನೆಯಲ್ಲೇ ಮರಿ ಎಬ್ಬಿಸಬೇಕೆಂದಿರುವವರು ನಾಟಿಯನ್ನೂ ಆರಿಸಿಕೊಳ್ಳಿ; ನಾನಂತೂ ಸುಧಾರಿತ ತಳಿಯ ನಾಲ್ಕರ ಜೊತೆ ಒಂದು ನಾಟಿ ಹೇಂಟೆ ಇರಲೇಬೇಕು ಎನ್ನುವವಳು.

ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಅನೇಕ ಕೋಳಿಗಳ ಕಾಲು ಹಳದಿ ಇರುವುದನ್ನು ನೀವು ಗಮನಿಸಿರಬಹುದು. ಆ ಹಳದಿ ಚರ್ಮದ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು ವಂಶವಾಹಿಗಳ ಅಧ್ಯಯನದಿಂದ ತೋರಿಸಿದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಹಳದಿ ಕಾಲಿನ ಕೋಳಿ ಮಣ್ಣು ಕೆದರಿದರೂ ಅದರಲ್ಲಿ ದಕ್ಷಿಣ ಭಾರತದ ಕಾಡಿನ ಪಾಲು ಇದೆ ಎನ್ನುವುದು ನನಗೆ ಬಹಳ ಸಂತೋಷದ ಸಂಗತಿ.

ಹೊಸ ಕೋಳಿಗಳನ್ನು ಹಳೆಯವುಗಳ ಜೊತೆ ಬಿಟ್ಟ ದಿನ ಹಿತ್ತಲಲ್ಲಿ ನಡೆಯುವುದನ್ನು ಕಂಡವರು ಬೇಗ ಮರೆಯಲಾರರು. ಅದುವರೆಗೆ ಪರಸ್ಪರ ಕಚ್ಚಾಡುತ್ತಿದ್ದ ಹಳೆಯ ಹೇಂಟೆಗಳು ಒಗ್ಗಟ್ಟಾಗಿ ಹೊಸದನ್ನು ಅಟ್ಟಿಸಿಕೊಂಡು ಹೋಗುತ್ತವೆ, ಮೇವಿನ ತಟ್ಟೆಯ ಹತ್ತಿರ ಬಿಡುವುದಿಲ್ಲ, ರಾತ್ರಿ ಅಡ್ಡೆಯ ಮೇಲೆ ಕೂರಲು ಬಂದರೆ ತಳ್ಳಿ ಬೀಳಿಸುತ್ತವೆ. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಖಚಿತವಾದ ಶ್ರೇಣಿ ಇರುತ್ತದೆ ಎಂದು ನಾರ್ವೆಯ ಥಾರ್ಲೀಫ್ ಶೆಲ್ಡರಪ್-ಎಬೆ 1922ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದರು. ಚಿಕ್ಕ ಹುಡುಗನಾಗಿದ್ದಾಗಿನಿಂದಲೇ ಅವರು ಕೋಳಿಗಳನ್ನು ನೋಡುತ್ತಾ, ಯಾವುದು ಯಾವುದನ್ನು ಕುಕ್ಕಿತೆಂದು ಬರೆದಿಡುತ್ತಾ ಬೆಳೆದವರು. ಶ್ರೇಣಿ ಒಮ್ಮೆ ನೆಲೆಗೊಂಡರೆ ಜಗಳ ಕಡಿಮೆಯಾಗುತ್ತದೆ, ಏಕೆಂದರೆ ಪ್ರತಿಯೊಂದಕ್ಕೂ ತನ್ನ ಜಾಗ ಗೊತ್ತಿರುತ್ತದೆ. ಹೊಸದು ಬಂದಾಗ ಲೆಕ್ಕವೆಲ್ಲ ಮೊದಲಿನಿಂದ ಶುರುವಾಗುವುದೇ ಆ ಗಲಾಟೆಗೆ ಕಾರಣ. ನಡುವೆ ತಂತಿಜಾಲ ಕಟ್ಟಿ ಒಂದು ವಾರ ಎರಡೂ ಗುಂಪು ಒಂದನ್ನೊಂದು ನೋಡುವಂತೆ ಬಿಡಿ, ಒಂಟಿ ಕೋಳಿಯನ್ನು ಸೇರಿಸುವ ಬದಲು ಎರಡು ಮೂರನ್ನು ಒಟ್ಟಿಗೆ ಸೇರಿಸಿ, ಮೇವು ನೀರುಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಇಡಿ. ರಕ್ತ ಬಂದರೆ ಮಾತ್ರ ಕೂಡಲೇ ಬೇರ್ಪಡಿಸಿ. ಕೆಂಪು ಕಂಡ ಕಡೆಗೆ ಎಲ್ಲವೂ ಕುಕ್ಕಲು ಮುಗಿಬೀಳುತ್ತವೆ.

ಹುಂಜದ ವಿಷಯದಲ್ಲಿ ಪೇಟೆಯಲ್ಲಿರುವವರು ಹೆಚ್ಚು ಎಚ್ಚರ ವಹಿಸಬೇಕು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿ, ಊರವರ ಮೇಲೆ ಮುನಿಸಿಕೊಂಡು ಕೋಳಿಯನ್ನು ಬಗಲಲ್ಲಿಟ್ಟುಕೊಂಡು ಕಾಡಿಗೆ ಹೋದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಅಜ್ಜಿ ಹೋದಮೇಲೂ ಊರಿಗೆ ಬೆಳಗಾಯಿತು. ಕಥೆಯ ಇನ್ನೊಂದು ಮಗ್ಗುಲನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪರೀಕ್ಷಿಸಿದರು: ಬೆಳಗಾಗುವುದರಿಂದ ಕೋಳಿ ಕೂಗುತ್ತದೆಯೇ? ದಿನವಿಡೀ ಒಂದೇ ಬಗೆಯ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಹೆಚ್ಚುಕಡಿಮೆ 24 ಗಂಟೆಗೊಮ್ಮೆ ಬೆಳಗಿನ ಕೂಗು ಕೂಗಿದವು. ಅಂದರೆ ಸೂರ್ಯನನ್ನು ಕಾಯದೆ ಮೈಯೊಳಗಿನ ಗಡಿಯಾರವೇ ಕೂಗಿಸುತ್ತದೆ. ಬೆಳಕು ಹರಿಯುವ ಎರಡು ಗಂಟೆ ಮೊದಲೇ ಕೂಗು ಆರಂಭವಾಗುವುದು ಅದರಿಂದಲೇ. 2015ರಲ್ಲಿ ಅದೇ ತಂಡ ಇನ್ನೊಂದನ್ನು ಕಂಡುಕೊಂಡಿತು: ಗುಂಪಿನ ಯಜಮಾನ ಹುಂಜ ಮೊದಲು ಕೂಗುತ್ತದೆ, ಉಳಿದವು ಶ್ರೇಣಿಯ ಪ್ರಕಾರ ಒಂದರ ಹಿಂದೊಂದು ಕೂಗುತ್ತವೆ. ಹೀಗಿರುವಾಗ ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಹುಂಜ ಸಾಕಿದರೆ, ಒಂದು ಕೂಗಿದ ಬೆನ್ನಿಗೆ ಇನ್ನೊಂದು ಕೂಗುವುದನ್ನು ಯಾವ ಉಪಾಯದಿಂದಲೂ ತಡೆಯಲಾಗದು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ನೆರೆಯವರ ಕಷ್ಟ ದೊಡ್ಡದು. ಮೊಟ್ಟೆಗಾಗಿ ಸಾಕುವವರು ಬಡಾವಣೆಯಲ್ಲಿ ಹುಂಜವನ್ನು ಕೈಬಿಡುವುದು ನ್ಯಾಯ. ಹಳ್ಳಿಯಲ್ಲಿ, ತೋಟದಲ್ಲಿ ಜಾಗವಿದ್ದವರು ಸಾಕಿರಿ, ಸಂತೋಷಪಡಿ. ಒಂದು ಹುಳ ಸಿಕ್ಕಿದರೆ ತಾನು ತಿನ್ನದೆ, ಕೊಕ್ಕಿನಿಂದ ಎತ್ತಿ ಕೆಳಗಿಟ್ಟು ಹೇಂಟೆಗಳನ್ನು ಕರೆಯುವ ಹುಂಜದ ದೊಡ್ಡಸ್ತಿಕೆಯನ್ನು ನಿಂತು ನೋಡುವಂಥದ್ದು.

ಮೇವಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ದಾವಣಗೆರೆ ಮೆಕ್ಕೆಜೋಳದ ಕಣಜ; ಭದ್ರಾ ಅಚ್ಚುಕಟ್ಟಿನ ಭತ್ತದಿಂದ ನುಚ್ಚು, ತೌಡು ಸಿಗುತ್ತವೆ; ಚಳ್ಳಕೆರೆಯ ಗಾಣಗಳಿಂದ ಶೇಂಗಾ ಹಿಂಡಿ ಬರುತ್ತದೆ. ಹಳದಿ ಮೆಕ್ಕೆಜೋಳ ಮತ್ತು ಹಸಿರು ಸೊಪ್ಪು ತಿಂದ ಕೋಳಿಯ ಭಂಡಾರ ಗಾಢ ಹಳದಿಯಾಗುತ್ತದೆ, ಅವುಗಳಲ್ಲಿರುವ ಬಣ್ಣದ ಅಂಶ ನೇರವಾಗಿ ಮೊಟ್ಟೆಗೆ ಇಳಿಯುವುದೇ ಕಾರಣ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನೂ ಹಿಂಡಿಯನ್ನೂ ಮಾತ್ರ ಕೋಳಿಗೆ ಹಾಕಿ ಮುಗಿಸೋಣ ಎಂದುಕೊಳ್ಳಬೇಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಸಮತೋಲನದ ಮೇವು ಬೇಕು. ಬರೀ ಕಾಳು ಸಾಲದು. ಹಿತ್ತಲು ಮೇಯ್ದು ಹುಳ, ಹುಲ್ಲು ತಿನ್ನುವ ಕೋಳಿಗೆ ಸ್ವಲ್ಪ ಕಡಿಮೆ ಸಾಕಾಗಬಹುದು.

ಮೆಣಸಿನಕಾಯಿಯ ಪ್ರಸಂಗವನ್ನು ಬಿಡಲಾಗದು. ಪರಿಚಯದ ಒಬ್ಬರ ಮನೆಯಲ್ಲಿ ತಾರಸಿಯ ಮೇಲೆ ಖಾರದಪುಡಿಗೆಂದು ಮೆಣಸಿನಕಾಯಿ ಹರವಿದ್ದರು. ಕೋಳಿಗಳು ಮೆಟ್ಟಿಲು ಹತ್ತಿ ಹೋಗಿ ಅದರಲ್ಲಿ ಒಂದು ಪಾಲನ್ನು ತಿಂದುಬಿಟ್ಟವು. ಮನೆಯವರು ಗಾಬರಿಯಾಗಿ ಮಜ್ಜಿಗೆಯ ಬೋಗುಣಿ ಹಿಡಿದು ಕೋಳಿಗಳ ಹಿಂದೆ ಓಡಿದರು. ಕೋಳಿಗಳು ಮಜ್ಜಿಗೆಗೆ ಮುಖ ತಿರುಗಿಸಿ ಮತ್ತೆ ಮೆಣಸಿನಕಾಯಿಯ ಕಡೆಗೇ ಹೊರಟವು. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ನರಗಳನ್ನು ಉರಿಸುವಂತೆ ಹಕ್ಕಿಗಳ ನರಗಳನ್ನು ಉರಿಸುವುದಿಲ್ಲ; ಕಾಡಿನಲ್ಲಿ ಮೆಣಸಿನ ಬೀಜವನ್ನು ದೂರ ದೂರಕ್ಕೆ ಹರಡುವವರು ಹಕ್ಕಿಗಳೇ. ಹಾಗೆಂದು ನಮ್ಮೂರಿನ ಒಗ್ಗರಣೆ ಮಂಡಕ್ಕಿ, ಮಿರ್ಚಿಯಲ್ಲಿ ಉಳಿದದ್ದನ್ನು ಸುರಿಯಬೇಡಿ. ಅದರ ಖಾರ ಏನೂ ಮಾಡದು, ಉಪ್ಪು ಮತ್ತು ಎಣ್ಣೆ ಕೆಡಿಸುತ್ತವೆ. ಒಗ್ಗರಣೆ ಹಾಕದ ಬರೀ ಮಂಡಕ್ಕಿಯನ್ನು ಒಂದು ಹಿಡಿ ಎಸೆದರೆ ತೊಂದರೆಯಿಲ್ಲ.

ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮ ಬಯಲುಸೀಮೆಯಲ್ಲಿ ಕೋಳಿಗೆ ಕಠಿಣ ಕಾಲ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಬಿಸಿ 41, 42 ಡಿಗ್ರಿ ಇರುವ ಪ್ರಾಣಿ ಬಾಯಿ ತೆರೆದು ಏದುಸಿರು ಬಿಟ್ಟೇ ತಣಿಯಬೇಕು. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೋನೇಟಿಗೆ ಕೊರತೆಯಾಗುತ್ತದೆ. ಬೇಸಿಗೆಯಲ್ಲಿ ಮುಟ್ಟಿದರೆ ಒಡೆಯುವ ತೆಳು ಚಿಪ್ಪಿನ ಮೊಟ್ಟೆ, ಒಮ್ಮೊಮ್ಮೆ ಚಿಪ್ಪೇ ಇಲ್ಲದೆ ಬರೀ ಪೊರೆಯಲ್ಲಿ ತುಳುಕುವ ಮೊಟ್ಟೆ ಬರುವುದು ಇದರಿಂದ. ಮಕ್ಕಳು ಅದನ್ನು ಅಂಗೈ ಮೇಲೆ ಕುಣಿಸಿ ಆನಂದಪಡುತ್ತಾರೆ; ಆಡಲಿ, ಆದರೆ ನೀವು ಅದನ್ನು ಕೋಳಿಯ ದೂರೆಂದು ತಿಳಿದು ಕೂಡಲೇ ಕಿವಿಗೊಡಿ. ಗೂಡಿನ ಮೇಲೆ ತೆಂಗಿನ ಗರಿ ಹೊದಿಸಿ, ಬಿಸಿಲು ಬೀಳುವ ಕಡೆ ಒದ್ದೆ ಗೋಣಿಚೀಲ ಇಳಿಬಿಡಿ, ನೀರನ್ನು ಮಣ್ಣಿನ ಅಗಲ ಪಾತ್ರೆಯಲ್ಲಿ ನೆರಳಿನಲ್ಲಿಟ್ಟು ದಿನಕ್ಕೆ ಮೂರು ಸಲ ಬದಲಿಸಿ, ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಹಾಕಿ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದನ್ನು ಪ್ರತಿಸಲ ತುಂಬಿಕೊಡಲು ಕಪ್ಪೆಚಿಪ್ಪಿನ ಹರಳನ್ನು ಬೇರೆ ಬಟ್ಟಲಲ್ಲಿ ಇಡಿ. ಮನೆಯ ಮೊಟ್ಟೆಚಿಪ್ಪನ್ನೇ ಕೊಡುವುದಾದರೆ ಹುರಿದು, ಗುರುತು ಸಿಗದಷ್ಟು ಸಣ್ಣಗೆ ಪುಡಿಮಾಡಿ. ಒಮ್ಮೆ ಮೊಟ್ಟೆಯ ರುಚಿ ಕಂಡ ಹೇಂಟೆ ತಾನಿಟ್ಟ ಮೊಟ್ಟೆಯನ್ನು ತಾನೇ ಒಡೆದು ಕುಡಿಯಲು ಕಲಿಯುತ್ತದೆ, ನೋಡಿದ ಉಳಿದವೂ ಕಲಿಯುತ್ತವೆ.

ವರ್ಷಕ್ಕೊಮ್ಮೆ ಗರಿ ಉದುರುವ ಕಾಲದಲ್ಲಿ ಹೊಸಬರು ಹೆದರುತ್ತಾರೆ. ಬಾಲ ಬೋಳಾಗಿ, ಕುತ್ತಿಗೆಯಲ್ಲಿ ಮುಳ್ಳಿನಂಥ ಹೊಸ ಗರಿಯ ಕಡ್ಡಿಗಳು ಎದ್ದು, ನೆನ್ನೆಯ ರಾಣಿ ಗುರುತೇ ಸಿಗದಂತಾಗುತ್ತದೆ. ಗರಿಯೆಂದರೆ ಬಹುಪಾಲು ಪ್ರೋಟೀನು. ಮೈ ತನ್ನ ಪ್ರೋಟೀನನ್ನೆಲ್ಲ ಹೊಸ ಬಟ್ಟೆಗೆ ಖರ್ಚು ಮಾಡುವಾಗ ಎರಡು ಮೂರು ತಿಂಗಳು ಮೊಟ್ಟೆ ಇಲ್ಲ. ಆಗ ಕೋಳಿ ಸೋಮಾರಿಯಾಯಿತೆಂದು ಮಾರಬೇಡಿ, ಮೇವಿಗೆ ಸ್ವಲ್ಪ ಹೆಚ್ಚು ಹಿಂಡಿ ಸೇರಿಸಿ ಕಾಯಿರಿ. ಡಿಸೆಂಬರ್ ಸುಮಾರಿಗೆ ಹಗಲು ನಮ್ಮಲ್ಲಿ 11 ಗಂಟೆ ಚಿಲ್ಲರೆಗೆ ಇಳಿಯುವುದೂ ಮೊಟ್ಟೆ ತಗ್ಗಲು ಕಾರಣ, ಏಕೆಂದರೆ ಚೆನ್ನಾಗಿ ಮೊಟ್ಟೆ ಇಡಲು 14ರಿಂದ 16 ಗಂಟೆ ಬೆಳಕು ಬೇಕು.

ಇಷ್ಟು ಹೊತ್ತು ನಕ್ಕೆವು. ರೋಗದ ವಿಷಯದಲ್ಲಿ ನಗೆಗೆ ಜಾಗವಿಲ್ಲ. ಕೊಕ್ಕರೆ ರೋಗ ಎಂದು ನಮ್ಮಲ್ಲಿ ಕರೆಯುವ ರಾಣಿಖೇತ್ ರೋಗ ಹೊಕ್ಕರೆ ಲಸಿಕೆ ಹಾಕದ ಹಿತ್ತಲು ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ, ಮತ್ತು ಅದಕ್ಕೆ ಔಷಧವಿಲ್ಲ. 2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಒಂದೇ ಬಾರಿಗೆ ಹಲವು ಕೋಳಿ ಸತ್ತರೆ ಹೂತು ಸುಮ್ಮನಾಗದೆ ಪಶುವೈದ್ಯರಿಗೆ ತಿಳಿಸಿ. ಕೋಳಿ ಮುಟ್ಟಿದ ಮೇಲೆ ಕೈಗೆ ಸೋಪು ಹಚ್ಚಿ ತೊಳೆಯುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿ, ಗೂಡಿಗೆ ಹೋಗಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ.

ರಾಣಿಖೇತ್ ಲಸಿಕೆಯಲ್ಲಿ ನಮ್ಮಂಥ ಸಣ್ಣ ಸಾಕಣೆಯವರಿಗೆ ಒಂದು ತೊಡಕಿದೆ. ಬಾಟಲಿಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಐದು ಕೋಳಿಗೆ ಒಂದು ಬಾಟಲಿ ಒಡೆಯಲು ಯಾರಿಗೂ ಮನಸ್ಸು ಬಾರದೆ ಬೀದಿಗೆ ಬೀದಿಯೇ ಲಸಿಕೆಯಿಲ್ಲದೆ ಉಳಿಯುತ್ತದೆ. ಆದ್ದರಿಂದ ಬೀದಿಯ ಕೋಳಿಮನೆಗಳೆಲ್ಲ ಸೇರಿ ಒಂದು ಬೆಳಿಗ್ಗೆಯನ್ನು ಗೊತ್ತುಮಾಡಿಕೊಳ್ಳಿ. ಒಂದು ಬಾಟಲಿ ತಂದು, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಪಶುವೈದ್ಯರು ಹೇಳಿದಂತೆ ಮನೆಯಿಂದ ಮನೆಗೆ ಹಾಕಿಸಿ. ಕುಡಿಯುವ ನೀರಿನಲ್ಲಿ ಕೊಡುವ ಬಗೆಯಾದರೆ ನಲ್ಲಿಯ ನೀರು ಬೇಡ, ಅದರ ಕ್ಲೋರಿನ್ ಲಸಿಕೆಯನ್ನು ಕೊಲ್ಲುತ್ತದೆ. ಬಾವಿಯ ಅಥವಾ ಕೊಳವೆಬಾವಿಯ ನೀರು ಬಳಸಿ. ಕಣ್ಣಿಗೋ ಮೂಗಿಗೋ ಹನಿ ಹಾಕುವ ಬಗೆಯಾದರೆ ಕೋಳಿ ಹಿಡಿಯುವ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ. ಕತ್ತಲಲ್ಲಿ ಅಡ್ಡೆಯ ಮೇಲೆ ಕೂತ ಕೋಳಿ ಮುಟ್ಟಿದರೂ ಮಿಸುಕುವುದಿಲ್ಲ. ಹಗಲಲ್ಲಿ ಅದೇ ಕೋಳಿ ಇಡೀ ಬೀದಿಯನ್ನು ಓಡಿಸುತ್ತದೆ. ಇಲ್ಲಿಂದ ಹೊರಡುವ ಮುನ್ನ ಬಾಗಿಲ ಬಳಿ ಇಟ್ಟಿರುವ ಹಾಳೆಯಲ್ಲಿ ನಿಮ್ಮ ಬೀದಿಯ ಹೆಸರು ಮತ್ತು ಕೋಳಿಗಳ ಸಂಖ್ಯೆಯನ್ನು ಬರೆದುಹೋಗಿ. ಯಾವ ಯಾವ ಬೀದಿಗಳು ಒಂದು ಬಾಟಲಿಗೆ ಸೇರಬಹುದು ಎನ್ನುವುದನ್ನು ಇಂದೇ ಗೊತ್ತುಮಾಡಿಕೊಳ್ಳೋಣ.